‘ಡೆಸಿಮೇಟ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು: ಹತ್ತರಲ್ಲಿ ಒಂದೋ, ನಿರ್ನಾಮವೋ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಪರಿಸರದ ಬಗೆಗಿನ ಒಂದು ಇಂಗ್ಲಿಷ್ ಲೇಖನವನ್ನು ಮಾಸಪತ್ರಿಕೆಯೊಂದಕ್ಕಾಗಿ ಅನುವಾದಿಸಿ ಕೊಟ್ಟಿದ್ದೆ. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ನೋವುನಿವಾರಕವು ಭಾರತದ ರಣಹದ್ದುಗಳನ್ನು ‘ಡೆಸಿಮೇಟ್’ ಮಾಡಿತು ಎಂಬ ವಾಕ್ಯ ಅದರಲ್ಲಿತ್ತು. ನಾನು ಹೆಚ್ಚು ಯೋಚಿಸದೆ ‘ನಿರ್ನಾಮ ಮಾಡಿತು’ ಎಂದು ಬರೆದಿದ್ದೆ. ಮೊನ್ನೆ ಕರಡು ಬಂತು. ಕೆಂಪು ಶಾಯಿಯಲ್ಲಿ ನನ್ನ ‘ನಿರ್ನಾಮ’ವನ್ನು ಹೊಡೆದುಹಾಕಿ, ಮೇಲೆ ‘ಹತ್ತರಲ್ಲಿ ಒಂದು ಪಾಲನ್ನು ಕೊಂದಿತು’ ಎಂದು ತಿದ್ದಿ, ಅಂಚಿನಲ್ಲಿ ‘ಪದದ ಮೂಲಾರ್ಥ ನೋಡಿ’ ಎಂದು ಷರಾ ಬರೆದಿದ್ದಾರೆ.

ಮೂಲಾರ್ಥವನ್ನು ನೋಡಿದೆ. ಅವರು ಹೇಳುವುದರಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ತಿದ್ದುಪಡಿಯೊಂದಿಗೆ ಓದಿದರೆ ಇಡೀ ಲೇಖನವೇ ಅರ್ಥ ಕಳೆದುಕೊಳ್ಳುತ್ತದೆ. ಹತ್ತು ಹದ್ದುಗಳಲ್ಲಿ ಒಂದು ಸತ್ತರೆ ಅದಕ್ಕೊಂದು ಲೇಖನವನ್ನೇ ಬರೆಯುವ ಅಗತ್ಯವಿರಲಿಲ್ಲ. ಮುಂದಿನ ವಾರದೊಳಗೆ ಕರಡನ್ನು ಹಿಂದಿರುಗಿಸಬೇಕಾಗಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಕರಡುತಿದ್ದುವವ

ನಿಮ್ಮ ಕರಡನ್ನು ತಿದ್ದಿದವನು ನಾನಲ್ಲ, ಆದರೆ ಅದೇ ಕಸುಬಿನಲ್ಲಿ ಇಪ್ಪತ್ತೆರಡು ವರ್ಷ ಕಳೆದವನು, ಆದ್ದರಿಂದ ಆ ಕೆಂಪು ಶಾಯಿಯ ಪರವಾಗಿ ಎರಡು ಮಾತು ಹೇಳುತ್ತೇನೆ. ಲ್ಯಾಟಿನ್ನಿನಲ್ಲಿ ‘ಡೆಕೆಮ್’ ಎಂದರೆ ಹತ್ತು, ‘ಡೆಕಿಮುಸ್’ ಎಂದರೆ ಹತ್ತನೆಯದು, ‘ಡೆಕಿಮಾರೆ’ ಎಂದರೆ ಹತ್ತರಲ್ಲಿ ಒಂದನ್ನು ತೆಗೆಯುವುದು. ನಮ್ಮ ‘ದಶ’ವೂ ಆ ‘ಡೆಕೆಮ್’ ಕೂಡ ಒಂದೇ ಬೇರಿನ ಕವಲುಗಳು. ಒಂದು ಪದ ತನ್ನ ಹೊಟ್ಟೆಯಲ್ಲಿ ಸಂಖ್ಯೆಯೊಂದನ್ನು ಇಟ್ಟುಕೊಂಡು ಬಂದಿರುವಾಗ ಆ ಸಂಖ್ಯೆಯನ್ನು ಕಿತ್ತೆಸೆದು, ಕಂಡಕಂಡ ವಿನಾಶಕ್ಕೆಲ್ಲ ಅದನ್ನೇ ಬಳಸುವುದು ಅಜಾಗರೂಕತೆ ಎಂದು ಇಂಗ್ಲಿಷಿನವರೇ ಬಹುಕಾಲದಿಂದ ಆಕ್ಷೇಪಿಸುತ್ತ ಬಂದಿದ್ದಾರೆ. ಅಮೆರಿಕದ ವಿಮರ್ಶಕ ರಿಚರ್ಡ್ ಗ್ರಾಂಟ್ ವೈಟ್ 1870ರಲ್ಲೇ ಈ ಬಳಕೆಯನ್ನು ಖಂಡಿಸಿದ್ದ. ಅಲ್ಲಿನ ಅಂತರ್ಯುದ್ಧದ ವರದಿಗಾರರು ಸೇನೆಗೆ ಭಾರಿ ನಷ್ಟವಾದಾಗಲೆಲ್ಲ ಈ ಪದವನ್ನು ಎಳೆದು ತರುತ್ತಿದ್ದುದು ಅವನನ್ನು ಕೆರಳಿಸಿತ್ತು.

ನಿಮ್ಮ ‘ನಿರ್ನಾಮ’ ಅಂತೂ ಎರಡು ಬಗೆಯಲ್ಲಿ ತಪ್ಪು. ಹೆಸರೇ ಇಲ್ಲದಂತಾಗುವುದು ನಿರ್ನಾಮ. ರಣಹದ್ದುಗಳು ಇನ್ನೂ ಇವೆ.

ನಿವೃತ್ತ ಮೇಷ್ಟ್ರು

ಕರಡುತಿದ್ದುವವರ ಎರಡನೆಯ ಮಾತನ್ನು ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪಲಾರೆ.

ಪದವೊಂದು ಎಲ್ಲಿ ಹುಟ್ಟಿತು ಎಂಬುದು ಅದು ಈಗ ಎಲ್ಲಿ ವಾಸಿಸುತ್ತಿದೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ. ದೂರ ಹೋಗುವುದೇ ಬೇಡ, ನಮ್ಮ ಅಡುಗೆಮನೆಯ ‘ಎಣ್ಣೆ’ಯನ್ನೇ ನೋಡಿ. ‘ಎಳ್’ ಮತ್ತು ‘ನೆಯ್’ ಸೇರಿ ಆದ ಪದ ಅದು. ಎಳ್ಳಿನಿಂದ ತೆಗೆದ ಜಿಡ್ಡು ಎಂಬುದಷ್ಟೇ ಅದರ ಹುಟ್ಟಿನ ಅರ್ಥ. ಹಾಗೆಂದು ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಎನ್ನುವವರನ್ನು ನಾವು ತಿದ್ದಲು ಹೋಗುತ್ತೇವೆಯೇ? ಸೀಮೆಎಣ್ಣೆಯಲ್ಲಂತೂ ಎಳ್ಳೂ ಇಲ್ಲ, ನೆಯ್ಯೂ ಇಲ್ಲ. ಸಂಸ್ಕೃತದ ‘ತೈಲ’ವೂ ‘ತಿಲ’ದಿಂದಲೇ ಬಂದದ್ದು, ಅದಕ್ಕೂ ಇದೇ ಗತಿ. ಲ್ಯಾಟಿನ್ ಮೂಲದಲ್ಲಿ ಡಿಸೆಂಬರ್ ಎಂದರೆ ಹತ್ತನೆಯ ತಿಂಗಳು. ಹನ್ನೆರಡನೆಯ ಹಾಳೆಯಲ್ಲಿ ಅದನ್ನು ಅಚ್ಚು ಹಾಕಬಾರದೆಂದು ಯಾವ ಕ್ಯಾಲೆಂಡರಿನವನೂ ಹಟ ಹಿಡಿದದ್ದು ಕಾಣೆ.

‘ಡೆಸಿಮೇಟ್’ ಇಂಗ್ಲಿಷಿಗೆ ಬಂದದ್ದು ಸುಮಾರು 1600ರ ಹೊತ್ತಿಗೆ, ರೋಮನ್ ಸೈನ್ಯದ ಶಿಕ್ಷೆಯ ಹೆಸರಾಗಿ. ದೊಡ್ಡ ಪ್ರಮಾಣದ ನಾಶ ಎಂಬ ಸಡಿಲವಾದ ಅರ್ಥವೂ ಅದೇ 17ನೆಯ ಶತಮಾನದಲ್ಲೇ ಕಾಣಿಸಿಕೊಂಡಿತು. ಎಂದರೆ 1870ರಲ್ಲಿ ವೈಟ್ ಮಹಾಶಯ ಸಿಟ್ಟಾಗುವ ವೇಳೆಗೆ ಆ ‘ಹೊಸ’ ಬಳಕೆಗೆ ಇನ್ನೂರು ವರ್ಷ ವಯಸ್ಸಾಗಿತ್ತು. ಇಂದು ಇಂಗ್ಲಿಷ್ ಓದುವವನೊಬ್ಬನಿಗೆ ಆ ಪದ ಕಣ್ಣಿಗೆ ಬಿದ್ದಾಗ ಹತ್ತು ಎಂಬ ಸಂಖ್ಯೆ ನೆನಪಾಗುವುದಿಲ್ಲ, ಹೆಣಗಳ ರಾಶಿ ನೆನಪಾಗುತ್ತದೆ. ಅನುವಾದಕಿ ತಲುಪಿಸಬೇಕಾದದ್ದು ಅದನ್ನು.

ಸಭೆಯ ಲೆಕ್ಕಿಗ

ಮೇಷ್ಟ್ರೇ, ನಡುವೆ ಒಂದು ಮಾತು. ‘ಡೆಕಿಮಾರೆ’ ಎಂಬುದಕ್ಕೆ ಕೊಲ್ಲುವುದೊಂದೇ ಅರ್ಥವಲ್ಲ. ಬೆಳೆಯ ಹತ್ತನೆಯ ಪಾಲನ್ನು ದೇವರಿಗೆ ಎತ್ತಿಡುವುದಕ್ಕೂ ಲ್ಯಾಟಿನ್ನಿನವರು ಅದೇ ಪದವನ್ನು ಬಳಸುತ್ತಿದ್ದರು. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಪುದೀನ, ಸಬ್ಬಸಿಗೆ, ಜೀರಿಗೆಗಳಲ್ಲೂ ಹತ್ತನೆಯ ಪಾಲನ್ನು ಲೆಕ್ಕ ಹಾಕಿ ಕೊಡುವವರು ನ್ಯಾಯವನ್ನೂ ಕರುಣೆಯನ್ನೂ ಮರೆತುಬಿಟ್ಟರು ಎಂದು ಯೇಸು ಗದರಿಸುವ ಮಾತು ಬರುತ್ತದೆ. ಲ್ಯಾಟಿನ್ ಬೈಬಲ್ಲಿನಲ್ಲಿ ಅಲ್ಲಿರುವ ಕ್ರಿಯಾಪದ ಇದೇ. ನಮ್ಮ ಕನ್ನಡ ಕ್ರೈಸ್ತ ಸಭೆಗಳಲ್ಲಿ ಅದನ್ನು ‘ದಶಮಾಂಶ’ ಎನ್ನುತ್ತೇವೆ. ತಿಂಗಳ ಮೊದಲ ಭಾನುವಾರ ಆ ಲಕೋಟೆಗಳನ್ನು ಬಿಚ್ಚಿ ಎಣಿಸಿ ದಾಖಲಿಸುವುದು ನನ್ನ ಕೆಲಸವಾದ್ದರಿಂದ, ಈ ಪದ ವಿನಾಶದ ಪಟ್ಟಿಯಲ್ಲಿರುವುದನ್ನು ಕಂಡು ಸ್ವಲ್ಪ ಬೆಚ್ಚಿದೆ.

ಇಂಗ್ಲೆಂಡಿನಲ್ಲೂ ಅದಕ್ಕೆ ತೆರಿಗೆಯ ಅರ್ಥವಿತ್ತು. 1655ರಲ್ಲಿ ಕ್ರಾಮ್‌ವೆಲ್ಲನ ಆಡಳಿತ, ದೊರೆಯ ಪಕ್ಷದವರಾಗಿದ್ದ ಜಮೀನುದಾರರ ಮೇಲೆ ಅವರ ಆದಾಯದ ನೂರಕ್ಕೆ ಹತ್ತರಷ್ಟು ದಂಡತೆರಿಗೆಯನ್ನು ಹೇರಿತು. ಅದರ ಹೆಸರೇ ‘ಡೆಸಿಮೇಷನ್’ ತೆರಿಗೆ.

ಶಾಸನದ ಹುಚ್ಚು

ಹತ್ತನೆಯ ಪಾಲಿನ ಮಾತು ಬಂದದ್ದರಿಂದ ಹೇಳುತ್ತೇನೆ, ವಿಷಯದಿಂದ ತುಸು ಆಚೆ ಹೋದರೆ ಕ್ಷಮಿಸಿ. ಕೋಲಾರದ ಕಡೆಯ ಶಾಸನಗಳಲ್ಲಿ ‘ದಶವಂದ’ ಎಂಬ ಪದ ಬರುತ್ತದೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಒಡೆದ ಕೆರೆಯನ್ನು ದುರಸ್ತಿ ಮಾಡಿಸಿದವನಿಗೆ ಆ ಕೆರೆಯ ಕೆಳಗಿನ ಭೂಮಿಯಲ್ಲಿ ಕೊಡುತ್ತಿದ್ದ ಹಕ್ಕು ಅದು. ಹತ್ತರಲ್ಲೊಂದು ಪಾಲಿನ ಲೆಕ್ಕದಿಂದ ಆ ಹೆಸರು. ಒಂದೇ ಬೇರಿನ ಸಂಖ್ಯೆ ರೋಮಿನ ಪಾಳೆಯದಲ್ಲಿ ದೊಣ್ಣೆಯ ಏಟಾಯಿತು, ನಮ್ಮ ಬಯಲುಸೀಮೆಯಲ್ಲಿ ಕೆರೆಯ ಏರಿಯಾಯಿತು. ಅನುವಾದಕ್ಕೆ ಇದರಿಂದ ಏನೂ ಪ್ರಯೋಜನವಿಲ್ಲವೆಂದು ಗೊತ್ತು.

ತುಂಗಾತೀರ

ಪ್ರಯೋಜನವಿಲ್ಲದಿದ್ದರೂ ಖುಷಿಯಾಯಿತು. ಮೇಷ್ಟ್ರೇ, ತಾವು ರೋಮನ್ ಸೈನ್ಯದ ಶಿಕ್ಷೆ ಎಂದಿರಿ. ಅದು ನಿಜವಾಗಿ ಹೇಗೆ ನಡೆಯುತ್ತಿತ್ತು? ಕರಡಿನ ಷರಾ ಬರೆದವರಿಗೆ ಉತ್ತರ ಕೊಡುವಾಗ ನನಗೆ ಅಷ್ಟಾದರೂ ತಿಳಿದಿರಬೇಕು.

ನಿವೃತ್ತ ಮೇಷ್ಟ್ರು

ಹೇಳುತ್ತೇನೆ, ಸ್ವಲ್ಪ ದೀರ್ಘವಾಗುತ್ತದೆ.

ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಇದನ್ನು ವಿವರವಾಗಿ ದಾಖಲಿಸಿದ್ದಾನೆ. ಒಬ್ಬಿಬ್ಬರು ಸೈನಿಕರು ಕಾವಲಿನಲ್ಲಿ ನಿದ್ದೆ ಹೋದರೆ ಅವರನ್ನು ದೊಣ್ಣೆಗಳಿಂದ ಬಡಿದು ಕೊಲ್ಲುವುದು ರೋಮನ್ನರ ಕ್ರಮವಾಗಿತ್ತು. ಇಡೀ ಒಂದು ತುಕಡಿಯೇ ರಣರಂಗದಲ್ಲಿ ತನ್ನ ಜಾಗ ಬಿಟ್ಟು ಓಡಿಬಂದಾಗ ಎಲ್ಲರನ್ನೂ ಕೊಲ್ಲುವುದು ಸಾಧ್ಯವಿರಲಿಲ್ಲ, ಏಕೆಂದರೆ ಮರುದಿನದ ಯುದ್ಧಕ್ಕೆ ಜನ ಬೇಕು. ಸುಮ್ಮನೆ ಬಿಡುವುದೂ ಸಾಧ್ಯವಿರಲಿಲ್ಲ. ಆಗ ದಳಪತಿ ಸೈನ್ಯವನ್ನೆಲ್ಲ ಒಂದೆಡೆ ಸೇರಿಸಿ, ಓಡಿಬಂದವರನ್ನು ಮುಂದೆ ನಿಲ್ಲಿಸಿ, ಚೀಟಿ ಎತ್ತಿಸಿ, ಸುಮಾರಾಗಿ ಹತ್ತಕ್ಕೊಬ್ಬರಂತೆ ಆರಿಸುತ್ತಿದ್ದ. ಚೀಟಿ ಬಿದ್ದವನು ಮೊದಲು ಓಡಿದವನೇ ಆಗಿರಬೇಕೆಂದಿರಲಿಲ್ಲ. ಕೊನೆಯವರೆಗೆ ನಿಂತು ಕಾದವನೂ ಆಗಿರಬಹುದಿತ್ತು. ಅವನನ್ನು ದೊಣ್ಣೆಗಳಿಂದ ಬಡಿದು ಸಾಯಿಸುತ್ತಿದ್ದರು. ಉಳಿದವರಿಗೆ ಗೋಧಿಯ ಬದಲು ಬಾರ್ಲಿಯ ಪಡಿ. ಕೋಟೆಯಂತೆ ಕಂದಕ ತೋಡಿ ಕಟ್ಟಿದ ಪಾಳೆಯದ ಒಳಗೆ ಜಾಗವಿಲ್ಲ, ಹೊರಗಿನ ಬಯಲಿನಲ್ಲೇ ಬೀಡು ಬಿಡಬೇಕು. ಬಾರ್ಲಿ ಅಲ್ಲಿ ದನ-ಕುದುರೆಗಳ ಮೇವು ಎಂಬುದನ್ನು ಗಮನಿಸಿ. ಸತ್ತವನ ಕತೆ ಒಂದು ಗಳಿಗೆಯಲ್ಲಿ ಮುಗಿಯುತ್ತಿತ್ತು, ಬದುಕಿದವರು ಪ್ರತಿ ಊಟದಲ್ಲೂ ಅದನ್ನು ಜಗಿಯಬೇಕಿತ್ತು.

ಕ್ರಿಸ್ತಪೂರ್ವ 71ರ ಸುಮಾರಿಗೆ ಸ್ಪಾರ್ಟಕಸ್ ಎಂಬ ಗುಲಾಮನ ದಂಗೆಯನ್ನು ಅಡಗಿಸಲು ಹೊರಟ ರೋಮನ್ ದಳಪತಿ ಕ್ರಾಸಸ್, ಬಳಕೆ ತಪ್ಪಿಹೋಗಿದ್ದ ಈ ಶಿಕ್ಷೆಯನ್ನು ಮತ್ತೆ ಎತ್ತಿಕೊಂಡ. ಪ್ಲುಟಾರ್ಕ್ ಕೊಡುವ ಲೆಕ್ಕ ನಿಮ್ಮ ಕೆಲಸಕ್ಕೆ ಬಂದೀತು: ಹೆದರಿ ಓಡಿದವರಲ್ಲಿ ಮುಂದಿದ್ದ 500 ಜನರನ್ನು ಹತ್ತು ಹತ್ತರ 50 ಗುಂಪುಗಳಾಗಿ ವಿಂಗಡಿಸಿ, ಗುಂಪಿಗೊಬ್ಬನಂತೆ 50 ಜನರನ್ನು ಎಲ್ಲರ ಕಣ್ಣೆದುರು ಕೊಲ್ಲಿಸಿದ. ಇನ್ನೊಬ್ಬ ಇತಿಹಾಸಕಾರ ಅಪ್ಪಿಯನ್ ಇದಕ್ಕಿಂತ ಎಷ್ಟೋ ಪಾಲು ದೊಡ್ಡದಾದ, ಸಾವಿರಗಳ ಲೆಕ್ಕವನ್ನೂ ಉಲ್ಲೇಖಿಸುತ್ತಾನೆ. ಕ್ರಿಸ್ತಪೂರ್ವ 36ರಲ್ಲಿ ಪಾರ್ಥಿಯನ್ನರ ಮೇಲಿನ ದಂಡಯಾತ್ರೆಯಲ್ಲಿ ಮಾರ್ಕ್ ಆಂಟನಿಯೂ ಇದನ್ನು ಮಾಡಿದ. ಇದೆಲ್ಲ ಪ್ರಾಚೀನರ ಕ್ರೌರ್ಯವೆಂದು ತಳ್ಳಿಹಾಕುವಂತಿಲ್ಲ. ಮೊದಲ ಮಹಾಯುದ್ಧದಲ್ಲಿ, ಲುಯಿಜಿ ಕಡೋರ್ನ ಇಟಲಿಯ ಸೇನೆಯ ಮುಖ್ಯಸ್ಥನಾಗಿದ್ದಾಗ, ದಂಗೆಯೆದ್ದ ತುಕಡಿಗಳಿಂದ ಚೀಟಿ ಎತ್ತಿಸಿ ಗುಂಡಿಕ್ಕಿದ ಪ್ರಸಂಗಗಳಿವೆ, 1917ರ ಜುಲೈಯಲ್ಲಿ ಕತಾಂಜಾರೊ ಬ್ರಿಗೇಡಿನಲ್ಲಿ ನಡೆದದ್ದೂ ಸೇರಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಶಿಕ್ಷೆಯ ಗುರಿ ಸಾಯುವ ಒಬ್ಬನಲ್ಲ, ಉಳಿಯುವ ಒಂಬತ್ತು ಜನ. ವಿನಾಶವನ್ನು ಹೇಳುವ ಪದಗಳಲ್ಲಿ ಇದೊಂದು ವಿಚಿತ್ರ ಪದ: ಉಳಿದವರಿಲ್ಲದಿದ್ದರೆ ಇದಕ್ಕೆ ಅರ್ಥವೇ ಇಲ್ಲ.

ಕರಡುತಿದ್ದುವವ

ಮೇಷ್ಟ್ರೇ, ‘ಎಣ್ಣೆ’ಯ ಮುಂದೆ ನಾನು ಸೋತೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೂ ನನ್ನ ಕಸುಬಿನ ಆತಂಕವೊಂದಿದೆ. ನಮ್ಮ ಪತ್ರಿಕೆಗಳ ಸುದ್ದಿಮನೆಗೆ ಇಂಗ್ಲಿಷಿನಿಂದ ವಿನಾಶದ ಪದ ಯಾವುದೇ ಬರಲಿ, ಹೊರಗೆ ಹೋಗುವಾಗ ಅದು ‘ಧೂಳೀಪಟ’ವೋ ‘ಧ್ವಂಸ’ವೋ ‘ಸರ್ವನಾಶ’ವೋ ಆಗಿರುತ್ತದೆ. ಕ್ರಿಕೆಟ್ ದಾಖಲೆಯೂ ಧೂಳೀಪಟ, ಚುನಾವಣೆಯಲ್ಲಿ ಸೋತ ಪಕ್ಷವೂ ಧೂಳೀಪಟ, ಭೂಕಂಪದಲ್ಲಿ ಉರುಳಿದ ಊರೂ ಧೂಳೀಪಟ. ಒಂದೇ ಸೌಟಿನಲ್ಲಿ ಸಾರನ್ನೂ ಪಾಯಸವನ್ನೂ ಬಡಿಸಿದಂತೆ. ಕೆಂಪು ಶಾಯಿಯವರು ‘ಹತ್ತರಲ್ಲಿ ಒಂದು’ ಎಂದದ್ದು ತಪ್ಪೇ ಇರಬಹುದು, ಆದರೆ ಪದಪದಕ್ಕೂ ಅದರದೇ ಆದ ತೂಕ ಇರಲಿ ಎಂಬ ಅವರ ಹಟವನ್ನು ನಾನು ಗೌರವಿಸುತ್ತೇನೆ.

ನೋಡಿ, ಇಂಗ್ಲಿಷಿನ ಈ ಗುಂಪಿನ ಪದಗಳಿಗೆಲ್ಲ ಒಂದೊಂದು ಚಿತ್ರವಿದೆ. ‘ಅನೈಹಿಲೇಟ್’ನಲ್ಲಿ ಇರುವುದು ‘ನಿಹಿಲ್’, ಎಂದರೆ ಏನೂ ಇಲ್ಲದ್ದು. ಅದಕ್ಕೆ ನಿರ್ನಾಮ, ಸರ್ವನಾಶ ಸರಿಹೊಂದುತ್ತವೆ. ‘ಇರಾಡಿಕೇಟ್’ನಲ್ಲಿ ಇರುವುದು ಬೇರು, ನಮ್ಮ ‘ನಿರ್ಮೂಲನೆ’ಯಲ್ಲಿ ಇರುವುದೂ ಬೇರೇ, ಇಷ್ಟು ಚೊಕ್ಕವಾದ ಜೋಡಿ ಬೇರೆಡೆ ಸಿಗುವುದು ಅಪರೂಪ. ‘ಡೆಮಾಲಿಷ್’ ಕಟ್ಟಿದ್ದನ್ನು ಕೆಡವುವುದು, ಅದಕ್ಕೆ ನೆಲಸಮವಿದೆ. ‘ಡೆವಾಸ್ಟೇಟ್’ ಬರಿದು ಮಾಡುವುದು, ಹಾಳು ಸುರಿಯುವಂತೆ ಮಾಡುವುದು. ‘ಎಕ್ಸ್‌ಟರ್ಮಿನೇಟ್’ನ ಬುಡದಲ್ಲಿ ಇರುವುದು ಗಡಿ, ಹುಟ್ಟಿದಾಗ ಅದಕ್ಕೆ ಗಡಿಯಾಚೆ ಅಟ್ಟುವುದೆಂದೇ ಅರ್ಥ, ಅಂದರೆ ನಮ್ಮ ‘ಗಡೀಪಾರು’. ಈಗ ಅದನ್ನು ಜಿರಲೆಯ ಔಷಧದ ಡಬ್ಬಿಯ ಮೇಲೆ ಓದುತ್ತೇವೆ. ಹೀಗಿರುವಾಗ ‘ಡೆಸಿಮೇಟ್’ಗೂ ಒಂದು ಸ್ವಂತದ ಕನ್ನಡ ಬೇಡವೇ?

ಹೊಸಬಳು

ಇಷ್ಟೆಲ್ಲ ಹಿರಿಯರ ನಡುವೆ ಮಾತಾಡಲು ಅಂಜಿಕೆಯಾಗುತ್ತದೆ. ಸಂಖ್ಯೆ ಇರುವ ವಿನಾಶದ ಪದ ಕನ್ನಡದಲ್ಲೂ ಇದೆಯಲ್ಲವೇ? ‘ನುಚ್ಚುನೂರು’. ನೂರು ಚೂರಾಗುವುದು. ಅಲ್ಲಿ ನಾವು ಯಾರೂ ಚೂರುಗಳನ್ನು ಎಣಿಸುವುದಿಲ್ಲ. ಹಾಗೆಯೇ ‘ಡೆಸಿಮೇಟ್’ನಲ್ಲೂ ಹತ್ತನ್ನು ಎಣಿಸುವ ಅಗತ್ಯವಿಲ್ಲ ಎಂದು ನನಗೆ ಅನ್ನಿಸುತ್ತದೆ.

ನಿವೃತ್ತ ಮೇಷ್ಟ್ರು

ಮಗಳೇ, ಅಂಜಬೇಡ, ನಿನ್ನ ಹೋಲಿಕೆ ಸೊಗಸಾಗಿದೆ. ಆದರೆ ಆ ‘ನೂರು’ ನೀನೆಂದುಕೊಂಡ ನೂರಲ್ಲ ಎಂಬುದು ನನ್ನ ಅಭಿಪ್ರಾಯ. ತಮಿಳಿನಲ್ಲಿ ‘ನೂಱು’ ಎಂಬ ಪದಕ್ಕೆ ಸಂಖ್ಯೆಯ ಅರ್ಥವೂ ಇದೆ. ಪುಡಿ ಮಾಡು, ಪುಡಿ, ಸುಣ್ಣದ ಪುಡಿ ಎಂಬ ಅರ್ಥಗಳೂ ಇವೆ. ನಮ್ಮ ಕನ್ನಡದ ‘ನುರಿ’ ಅದರ ಒಡಹುಟ್ಟು: ಮಗುವಿಗೆ ಅನ್ನವನ್ನು ನುರಿದು ತಿನ್ನಿಸುತ್ತೇವಲ್ಲ, ಅದು. ಪಳಗಿದವನನ್ನು ‘ನುರಿತವನು’ ಎನ್ನುವಾಗ ಬರುವುದೂ ಅದೇ. ನುಚ್ಚು ಎಂದರೆ ಒಡೆದ ಕಾಳು, ನೂರು ಎಂದರೆ ಪುಡಿ. ಎರಡೂ ಸೇರಿ ನುಚ್ಚುನೂರು, ಪುಡಿಪುಡಿ ಎಂದ ಹಾಗೆ. ಕಿವಿಗೆ ಸಂಖ್ಯೆಯಂತೆ ಕೇಳುವುದರಿಂದ ನಾವು ಅಲ್ಲಿ ನೂರು ಚೂರುಗಳನ್ನು ಕಲ್ಪಿಸಿಕೊಳ್ಳುತ್ತೇವೆ.

ಗಮನಿಸು: ಇಲ್ಲಿ ಸಂಖ್ಯೆ ಇಲ್ಲದ ಪದದೊಳಗೆ ನಾವು ಸಂಖ್ಯೆಯನ್ನು ಕಾಣುತ್ತಿದ್ದೇವೆ, ಅಲ್ಲಿ ಸಂಖ್ಯೆ ಇದ್ದ ಪದದಿಂದ ಇಂಗ್ಲಿಷಿನವರು ಅದನ್ನು ಮರೆತಿದ್ದಾರೆ. ನಿನ್ನ ಉದಾಹರಣೆ ತಪ್ಪಾಗಿದ್ದರೂ ನಿನ್ನ ತೀರ್ಮಾನ ಸರಿ.

ಸಂಕೇತಪ್ರಿಯ

ಬೆಂಗಳೂರಿನಲ್ಲಿ ಧ್ವನಿಸಂಕೇತಗಳ ಸಂಸ್ಕರಣೆಯ ಕೆಲಸ ಮಾಡುತ್ತೇನೆ. ನಮಗೆ ‘ಡೆಸಿಮೇಷನ್’ ದಿನನಿತ್ಯದ ಪದ, ಮತ್ತು ಅದರಲ್ಲಿ ಯಾರೂ ಸಾಯುವುದಿಲ್ಲ. ಧ್ವನಿಯನ್ನು ದಾಖಲಿಸುವಾಗ ಸೆಕೆಂಡಿಗೆ 48,000 ಸ್ಯಾಂಪಲ್‌ಗಳನ್ನು, ಅಂದರೆ ಧ್ವನಿಯ ಅಳತೆಗಳನ್ನು, ತೆಗೆದಿರುತ್ತೇವೆ ಎನ್ನಿ. ಮಾತನ್ನು ಗುರುತಿಸುವ ತಂತ್ರಾಂಶಕ್ಕೆ ಅಷ್ಟು ಬೇಕಿಲ್ಲ, 16,000 ಸಾಕು. ಆಗ ಮೂರು ಸ್ಯಾಂಪಲ್‌ಗಳಲ್ಲಿ ಒಂದನ್ನು ಇಟ್ಟುಕೊಂಡು ಎರಡನ್ನು ಬಿಡುತ್ತೇವೆ. ಹಾಗೆ ಬಿಡುವ ಮುನ್ನ ಎತ್ತರದ ಆವರ್ತನಗಳನ್ನು ಫಿಲ್ಟರಿನಿಂದ ಸೋಸಿ ತೆಗೆಯಬೇಕು, ಇಲ್ಲದಿದ್ದರೆ ಅವು ವೇಷ ಬದಲಿಸಿ ಕೆಳಗಿನ ಆವರ್ತನಗಳಲ್ಲಿ ಬಂದು ಕೂರುತ್ತವೆ. ಈ ಸೋಸುವಿಕೆ ಮತ್ತು ಬಿಡುವಿಕೆ ಎರಡೂ ಸೇರಿ ಡೆಸಿಮೇಷನ್. ಮೂರು ಆಯಾಮದ ಚಿತ್ರಗಳನ್ನು ರಚಿಸುವವರೂ ಮೇಲ್ಮೈಯ ತ್ರಿಕೋನಗಳನ್ನು ಕಡಿಮೆ ಮಾಡುವುದಕ್ಕೆ ಇದೇ ಪದವನ್ನು ಬಳಸುತ್ತಾರೆ.

ಈ ಚರ್ಚೆಯನ್ನು ಓದುವವರೆಗೆ ನನಗೆ ಹೊಳೆಯದಿದ್ದ ಸಂಗತಿ ಏನೆಂದರೆ, ನಾವು ರೋಮನ್ನರ ಕ್ರಮವನ್ನು ಬುಡಮೇಲು ಮಾಡಿದ್ದೇವೆ. ಹತ್ತರ ಡೆಸಿಮೇಷನ್ ಎಂದರೆ ರೋಮನ್ನನಿಗೆ ಒಂದು ಹೋಗಿ ಒಂಬತ್ತು ಉಳಿಯುವುದು, ನಮಗೆ ಒಂಬತ್ತು ಹೋಗಿ ಒಂದು ಉಳಿಯುವುದು. ಪದ ಒಂದೇ, ಸಂಖ್ಯೆಯೂ ಒಂದೇ, ಶೇಷ ಮಾತ್ರ ಪೂರ್ತಿ ತಿರುವುಮುರುವು.

ರಣಹದ್ದುಗಳ ಅಂಕಿ ಯಾರಾದರೂ ಕೊಟ್ಟರೆ ಒಂದು ಲೆಕ್ಕ ಮಾಡಿ ತೋರಿಸಬಲ್ಲೆ.

ಬೆಟ್ಟದ ಹಾದಿ

ನಾನು ಕೊಡುತ್ತೇನೆ. ರಾಮನಗರದವಳು, ರಾಮದೇವರ ಬೆಟ್ಟದಲ್ಲಿ ಹಕ್ಕಿಗಳನ್ನು ಎಣಿಸಲು ಹೋಗುವವರ ಗುಂಪಿನಲ್ಲಿ ಕೆಲವು ವರ್ಷಗಳಿಂದ ಇದ್ದೇನೆ.

ಭಾರತದಲ್ಲಿ 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ 99.9ರಷ್ಟು ಕಡಿಮೆಯಾದವು. ಅಂದರೆ ಸಾವಿರ ಇದ್ದಲ್ಲಿ ಒಂದು. ಉದ್ದಕೊಕ್ಕಿನ ರಣಹದ್ದುಗಳ ಕುಸಿತ ನೂರಕ್ಕೆ 97ರ ಹತ್ತಿರ. ಕಾರಣ ಗೊತ್ತಾದದ್ದು 2004ರಲ್ಲಿ: ಡೈಕ್ಲೊಫಿನಾಕ್ ಕೊಟ್ಟ ಸ್ವಲ್ಪ ದಿನದಲ್ಲೇ ಸತ್ತ ದನದ ಮಾಂಸವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯಾಗಿ ಕೂರುತ್ತದೆ. ಸತ್ತ ದನಗಳ ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಔಷಧವಿದ್ದರೂ ಇಷ್ಟು ದೊಡ್ಡ ಕುಸಿತಕ್ಕೆ ಸಾಕು, ಏಕೆಂದರೆ ಒಂದು ಹೆಣದ ಸುತ್ತ ಹತ್ತಾರು ಹದ್ದುಗಳು ಒಟ್ಟಿಗೆ ಕೂರುತ್ತವೆ. ಮೇಷ್ಟ್ರು ಹೇಳಿದ ಚೀಟಿ ಎತ್ತುವ ಮಾತು ನನಗೆ ಇಲ್ಲಿ ನೆನಪಾಯಿತು; ಯಾವ ಹೆಣದ ಮೇಲೆ ಇಳಿದೆ ಎಂಬುದೇ ಹದ್ದಿನ ಪಾಲಿಗೆ ಚೀಟಿ. ದನಗಳಿಗೆ ಆ ಔಷಧ ಕೊಡುವುದನ್ನು ತಡೆಯಲು 2006ರಲ್ಲಿ ನಿಷೇಧ ಬಂತು. ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಬಾಟಲಿಯನ್ನು 3 ಮಿಲಿಲೀಟರಿಗೆ ಮಿತಿಗೊಳಿಸಿದರು.

ನಮ್ಮ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಬಂಡೆಯ ಮುಖದಲ್ಲಿ ಎಲ್ಲಿ ಬಿಳಿ ಗೀರುಗಳು ಕೆಳಗಿಳಿದಿವೆಯೋ ಅದರ ತಲೆಯ ಮೇಲಿನ ಚಾಚು ಗೂಡಿನ ಜಾಗ. ಹಿಕ್ಕೆಯ ಆ ಗೀರುಗಳನ್ನು ದೂರದರ್ಶಕದಲ್ಲಿ ಹುಡುಕಿ, ಹಳೆಯದೋ ಹೊಸದೋ ಎಂದು ಬಣ್ಣದಿಂದ ಊಹಿಸಿ, ಗಂಟೆಗಟ್ಟಲೆ ಕಾಯುತ್ತೇವೆ. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ‘ನಿರ್ನಾಮ’ ಎಂದು ನೀವು ಅಚ್ಚು ಹಾಕಿಸಿದರೆ, ಅಕ್ಕಾ, ಆ ಬಂಡೆಯ ಮೇಲೆ ಕೂತಿರುವ ಹಕ್ಕಿಯನ್ನು ನೀವೇ ಅಳಿಸಿಹಾಕಿದಂತಾಗುತ್ತದೆ. ‘ಹತ್ತರಲ್ಲಿ ಒಂದು’ ಎಂದರೆ ಸತ್ತ ಅಷ್ಟೂ ಹಕ್ಕಿಗಳನ್ನು ಬದುಕಿಸಿದಂತಾಗುತ್ತದೆ. ಎರಡರಲ್ಲಿ ಯಾವುದು ಹೆಚ್ಚು ತಪ್ಪು ಎಂದು ನನಗೆ ಹೇಳಲಾಗದು.

ಸಂಕೇತಪ್ರಿಯ

ಅಂಕಿಗಳಿಗೆ ಧನ್ಯವಾದ. ಲೆಕ್ಕ ಇಲ್ಲಿದೆ. ರೋಮನ್ನರ ರೀತಿಯಲ್ಲಿ ಪ್ರತಿ ಸಲವೂ ಇದ್ದುದರ ಹತ್ತನೆಯ ಒಂದು ಪಾಲನ್ನು ಕಳೆಯುತ್ತ ಹೋದರೆ, ಸಾವಿರ ಬಿಳಿಬೆನ್ನಿನ ಹದ್ದುಗಳು ಒಂದಕ್ಕೆ ಇಳಿಯಬೇಕಾದರೆ ಸೈನ್ಯವನ್ನು 66 ಸಲ ಸಾಲಿನಲ್ಲಿ ನಿಲ್ಲಿಸಿ ಚೀಟಿ ಎತ್ತಿಸಬೇಕು. ಉದ್ದಕೊಕ್ಕಿನವಕ್ಕೆ 34 ಸಲ ಸಾಕು. ನಮ್ಮ ರೀತಿಯಲ್ಲಾದರೆ, ಹತ್ತರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳುತ್ತ ಹೋದರೆ, ಬಿಳಿಬೆನ್ನಿನವಕ್ಕೆ ಮೂರೇ ಸಲ: ಸಾವಿರ ನೂರಾಗುತ್ತದೆ, ನೂರು ಹತ್ತಾಗುತ್ತದೆ, ಹತ್ತು ಒಂದಾಗುತ್ತದೆ. ಹಾಗಾಗಿ ಲೇಖನದ ವಾಕ್ಯದಲ್ಲಿ ಹತ್ತನ್ನು ಉಳಿಸಲೇಬೇಕೆಂದು ಸಂಪಾದಕರು ಹಟ ಹಿಡಿದರೆ, ಅವರಿಗೆ ಹತ್ತನ್ನು ತಿರುಗಿಸಿ ಕೊಡಿ.

ಕರಡುತಿದ್ದುವವ

66 ಸಲ! ಇಷ್ಟನ್ನು ನೋಡಿದ ಮೇಲೆ ನಾನು ನನ್ನ ಮೊದಲ ಮಾತನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳುತ್ತೇನೆ. ಮೂಲಾರ್ಥಕ್ಕೆ ನಿಷ್ಠನಾಗಿರಲು ಹೋಗಿ ಕಣ್ಣೆದುರಿನ ವಿಷಯಕ್ಕೇ ಸುಳ್ಳು ಹೇಳುವುದು ಕರಡು ತಿದ್ದುವವನ ಧರ್ಮವಲ್ಲ.

ಆದರೆ ಮೇಷ್ಟ್ರು ಹೇಳಿದ ಸೂಕ್ಷ್ಮವನ್ನು ಬಿಡಬಾರದು. ಸಂಖ್ಯೆ ಸವೆದುಹೋದರೂ ಈ ಪದದಲ್ಲಿ ಉಳಿಕೆಯ ಅರ್ಥ ಸವೆದಿಲ್ಲ. ಇಂಗ್ಲಿಷಿನಲ್ಲಿ ಎಚ್ಚರದಿಂದ ಬರೆಯುವವರು ಒಂದೇ ಒಂದು ಕಟ್ಟಡವನ್ನೋ ಒಬ್ಬ ವ್ಯಕ್ತಿಯನ್ನೋ ಈ ಪದದಿಂದ ನಾಶ ಮಾಡುವುದಿಲ್ಲ; ಹಿಂಡು, ಸೈನ್ಯ, ಜನಸಂಖ್ಯೆ, ಕಾಡು, ಇಂಥವುಗಳನ್ನು ಮಾತ್ರ. ಪೂರ್ತಿಯಾಗಿ ಎಂಬ ವಿಶೇಷಣವನ್ನು ಅದರ ಜೊತೆ ಸೇರಿಸುವುದೂ ಅವರಿಗೆ ಇರಿಸುಮುರಿಸು. ಆದ್ದರಿಂದ ಕನ್ನಡದಲ್ಲಿ ನಮಗೆ ಬೇಕಾದದ್ದು ನಾಮಪದವಲ್ಲ, ಎಷ್ಟು ಉಳಿಯಿತು ಎಂಬುದನ್ನು ಹೇಳುವ ಕ್ರಿಯೆ. ‘ಬೆರಳೆಣಿಕೆಗೆ ಇಳಿದವು’, ‘ಬಹುಪಾಲು ಅಳಿದವು’, ‘ಅಲ್ಲೊಂದು ಇಲ್ಲೊಂದು ಎಂಬಂತಾದವು’: ಇವೆಲ್ಲ ನಮ್ಮಲ್ಲಿ ಮೊದಲಿನಿಂದಲೂ ಇವೆ. ‘ಗುಡಿಸಿ ಗುಂಡಾಂತರ’ ನನಗೆ ಬಹಳ ಪ್ರಿಯವಾದ ನುಡಿಗಟ್ಟು, ಆದರೆ ಅಲ್ಲಿ ಏನೂ ಉಳಿಯುವುದಿಲ್ಲ.

ನಿವೃತ್ತ ಮೇಷ್ಟ್ರು

‘ಅಳಿ’ ಎಂಬ ಕ್ರಿಯಾಪದಕ್ಕೆ ನನ್ನ ಮತ. ಅಚ್ಚಗನ್ನಡದ ಪದ, ಹಳಗನ್ನಡದಿಂದ ಇಂದಿನವರೆಗೆ ಬಾಳಿಬಂದದ್ದು. ‘ಅಳಿದುಳಿದ’ ಎಂಬ ಜೋಡುನುಡಿಯಲ್ಲಿ ನಾಶವೂ ಶೇಷವೂ ಪಕ್ಕಪಕ್ಕದಲ್ಲೇ ಕುಳಿತಿವೆ ನೋಡಿ. ನಿಮ್ಮ ಲೇಖನದ ಮುಂದಿನ ವಾಕ್ಯ ‘ಅಳಿದುಳಿದ ಹದ್ದುಗಳು’ ಎಂದು ಆರಂಭವಾಗುವುದಾದರೆ ಅರ್ಧ ಕೆಲಸ ತಾನಾಗಿಯೇ ಆದೀತು.

ತುಂಗಾತೀರ

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ಎಂದು ತಿಳಿಯುತ್ತಿಲ್ಲ. ವಾಕ್ಯವನ್ನು ಹೀಗೆ ಬದಲಿಸಿದ್ದೇನೆ: ‘ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್‌ನಿಂದಾಗಿ ಭಾರತದ ರಣಹದ್ದುಗಳು ಬಹುಪಾಲು ಅಳಿದವು, ಸಾವಿರವಿದ್ದಲ್ಲಿ ಒಂದು ಉಳಿಯಿತು. ಅಳಿದುಳಿದ ಹದ್ದುಗಳು ಈಗ ಕೆಲವೇ ಬೆಟ್ಟಗಳಲ್ಲಿ ಗೂಡು ಕಟ್ಟುತ್ತಿವೆ.’ ಸಂಪಾದಕರಿಗೆ ಫೋನಿನಲ್ಲಿ ಓದಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, ‘ಹತ್ತು ಎಲ್ಲಿ ಹೋಯಿತು?’ ಎಂದು ಕೇಳಿದರು. 66 ಸಲದ ಲೆಕ್ಕವನ್ನು ಹೇಳಿದ ಮೇಲೆ ನಕ್ಕು ಒಪ್ಪಿಕೊಂಡರು.

ಬೆಟ್ಟದ ಹಾದಿ

ಅಕ್ಕಾ, ಒಂದೇ ಒಂದು ತಿದ್ದುಪಡಿ. ಸಾವಿರಕ್ಕೆ ಒಂದು ಎಂಬುದು ಬಿಳಿಬೆನ್ನಿನ ಜಾತಿಗೆ ಮಾತ್ರ. ನಮ್ಮ ರಾಮದೇವರ ಬೆಟ್ಟದಲ್ಲಿ ಗೂಡು ಕಟ್ಟುವುದು ಉದ್ದಕೊಕ್ಕಿನವು, ಅವು ನೂರಕ್ಕೆ ಸುಮಾರು ಮೂರರಂತೆ ಉಳಿದವು. ‘ಬಿಳಿಬೆನ್ನಿನ’ ಎಂಬ ಒಂದು ಪದವನ್ನು ಸೇರಿಸಿಬಿಡಿ.

ತುಂಗಾತೀರ

ಸೇರಿಸಿದೆ. ‘ಬಿಳಿಬೆನ್ನಿನ ಜಾತಿಯಲ್ಲಂತೂ ಸಾವಿರವಿದ್ದಲ್ಲಿ ಒಂದು ಉಳಿಯಿತು.’ ಕರಡು ಈಗ ಅಂಚೆಯಲ್ಲಿದೆ.